ಬಾಲದ ಹಿಂದೆ ನಿಂತವಳು

ಮದುವೆಯಾದಾಗಿನಿಂದ ನಮ್ಮ ಮನೆಯವರು ನನ್ನ ಜೊತೆ ಅತಿ ಹೆಚ್ಚು ಮಾತಾಡಿದ್ದು ಯಾವಾಗ ಎಂದು ಯಾರಾದರೂ ಕೇಳಿದರೆ, ನಮ್ಮ ಕಾರಿನ ಬಾಲ ಕೆಟ್ಟಾಗ ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. (ಯಾರೂ ಕೇಳಿಲ್ಲ. ಕೇಳುವವರಿದ್ದಿದ್ದರೆ ನಾನು ಇದನ್ನು ಬರೆಯುತ್ತಲೂ ಇರಲಿಲ್ಲ.)

ಅವರು ಕೆಟ್ಟವರೆಂದು ದಯವಿಟ್ಟು ತಿಳಿಯಬೇಡಿ. ಒಂದು ದಿನವೂ ನನ್ನನ್ನು ಬೈದವರಲ್ಲ. ಬೈಯಬೇಕಾದರೂ ಬಾಯಿ ತೆರೆಯಬೇಕಲ್ಲ! ಅವರ ಹೆಸರನ್ನು ನಾನು ಹೇಳುವಂತಿಲ್ಲ. ಕಲ್ಲಿನಿಂದ ಶುರುವಾಗುತ್ತದೆ ಎಂದಷ್ಟೇ ಹೇಳಬಲ್ಲೆ, ಮಿಕ್ಕಿದ್ದನ್ನು ನೀವೇ ಊಹಿಸಿಕೊಳ್ಳಿ. ದಾವಣಗೆರೆಯ ಅಂಚಿಗೆ, ಕರೂರಿನ ಕಡೆ ನಮ್ಮದೊಂದು ಎಣ್ಣೆ ಗಿರಣಿ ಇದೆ. ಅಲ್ಲಿ ಹಗಲೆಲ್ಲ ಯಂತ್ರಗಳ ಸದ್ದಿನ ಮೇಲೆ ಕೂಗಾಡಿ ಇದ್ದಬದ್ದ ಮಾತನ್ನೆಲ್ಲ ಖರ್ಚು ಮಾಡಿಕೊಂಡು, ಮನೆಗೆ ಬರುವ ಹೊತ್ತಿಗೆ ಅವರ ಹತ್ತಿರ ಉಳಿದಿರುತ್ತಿದ್ದದ್ದು ‘ಹೂಂ’ ಮತ್ತು ‘ಉಹೂಂ’ ಮಾತ್ರ. ಮಗಳು ಮದುವೆಯಾಗಿ ರಾಣೆಬೆನ್ನೂರಿಗೆ ಹೋದ ಮೇಲಂತೂ ಪಿ.ಜೆ. ಬಡಾವಣೆಯ ಆ ದೊಡ್ಡ ಮನೆಯಲ್ಲಿ ನಾನು ಮಾತಾಡುತ್ತಿದ್ದದ್ದು ಕುಕ್ಕರಿನ ಜೊತೆ. ಅದಾದರೂ ಅಷ್ಟಿಷ್ಟು ಕೂಗಿ ಉತ್ತರ ಕೊಡುತ್ತಿತ್ತು.

ಹೀಗಿರುವಾಗ ಎಂಬತ್ತೊಂಬತ್ತರ ಬೇಸಿಗೆಯಲ್ಲಿ, ಗಿರಣಿಗೆ ಹೊಸ ಯಂತ್ರ ನೋಡಿಕೊಂಡು ಬರುತ್ತೇನೆಂದು ಬೊಂಬಾಯಿಗೆ ಹೋದ ನಮ್ಮವರು ಒಂದು ಕೆಂಪು ವಿಲಾಯತಿ ಕಾರಿನಲ್ಲಿ ಕೂತು ವಾಪಸು ಬಂದರು. ಎರಡೇ ಬಾಗಿಲು, ಎರಡೇ ಸೀಟು. ಸ್ಟೇರಿಂಗು ನಮ್ಮ ದೇಶದಲ್ಲಿ ಇರಬೇಕಾದ ಕಡೆ ಇಲ್ಲ, ಎಡಗಡೆ! ಬೆನ್ನಿನ ತುದಿಯಲ್ಲಿ ಒಂದು ಉದ್ದನೆಯ ಹಲಗೆ. ಕಾರು ಎಂಬತ್ತು ಕಿಲೋಮೀಟರ್ ವೇಗ ದಾಟಿದರೆ ಒಳಗಿನ ಮೋಟಾರು ತಿರುಗಿ ಹಲಗೆ ತಾನಾಗಿ ಏಳಬೇಕು, ನಿಧಾನವಾದರೆ ತಾನಾಗಿ ಮಲಗಬೇಕು. ಗಾಳಿಯ ರಭಸಕ್ಕೆ ಕಾರು ಹಾರಿಹೋಗದಂತೆ ಅದು ಹಿಂಭಾಗವನ್ನು ನೆಲಕ್ಕೆ ಒತ್ತಿ ಹಿಡಿಯುತ್ತದಂತೆ. ಮಂಡಕ್ಕಿ ಭಟ್ಟಿಗಳ ಸಂದಿಯಲ್ಲಿ ಎಮ್ಮೆಗಳಿಗೆ ದಾರಿ ಬಿಟ್ಟುಕೊಂಡು ಹೋಗುವ ಕಾರು ಹಾರುವುದಾದರೂ ಹೇಗೆ ಎಂದು ನಾನು ಕೇಳಿದೆ.

“ಹೂಂ,” ಎಂದರು.

ಅದರ ಹೆಸರು ಸ್ಪಾಯ್ಲರ್. ಇಂಗ್ಲಿಷಿನಲ್ಲಿ ಹಾಗೆಂದರೆ ಕೆಡಿಸುವಂಥದ್ದು ಎಂದರ್ಥ ಎಂದು ಪಕ್ಕದ ಮನೆಯ ಶಹರ್ಬಾನು ಹೇಳಿದಳು. ನನಗೆ ಅಷ್ಟೆಲ್ಲ ನಾಲಗೆ ತಿರುಗುವುದಿಲ್ಲ, ಬಾಲ ಎಂದೇ ಕರೆದೆ. ಬಂದ ಹೊಸದರಲ್ಲೇ ಬಾಲಕ್ಕೆ ಹುಚ್ಚು ಹಿಡಿಯಿತು. ಕಾರು ಓಡುವಾಗ ಮಲಗಿಯೇ ಇರುವುದು, ನಿಂತ ಕೂಡಲೇ ಏಳುವುದು. ಗಾಂಧಿ ಸರ್ಕಲ್ಲಿನಲ್ಲಿ ಹಸು ಅಡ್ಡ ಬಂತೆಂದು ನಿಲ್ಲಿಸಿದರೆ ಗುಂಯ್ ಎಂದು ಬಾಲ ಎದ್ದಿತು; ಅದನ್ನು ಕಂಡು ಹಿಂದೆ ಇದ್ದ ಟಾಂಗಾದ ಕುದುರೆಯೂ ಎದ್ದಿತು. ಟಾಂಗಾದವನು ಏನೆಂದನೋ, ನಮ್ಮವರು ಮನೆಗೆ ಬಂದಾಗ ಮುಖ ಕಾರಿನ ಬಣ್ಣಕ್ಕೆ ತಿರುಗಿತ್ತು.

ಮರುದಿನ ಬೆಳಿಗ್ಗೆಯೇ ಅಂಗಳದಲ್ಲಿ ರಿಪೇರಿಯ ಮಹಾಯಾಗ ಶುರುವಾಯಿತು. ಬಾಲವನ್ನು ಪರೀಕ್ಷಿಸಲೆಂದು ಸ್ಟೇರಿಂಗಿನ ಬಳಿ ಒಂದು ಗುಂಡಿ ಇತ್ತು. ಅದನ್ನು ಒತ್ತಿ ಹಿಡಿದಿದ್ದರೆ ಬಾಲ ಏಳಬೇಕು, ಬಿಟ್ಟರೆ ಮಲಗುತ್ತದೆ. ಕೂತಲ್ಲಿಂದ ಬಾಲ ಕಾಣುವುದಿಲ್ಲ. ಕನ್ನಡಿಯಲ್ಲಿ ನೋಡಿದರೆ ಆಕಾಶ ಕಾಣುತ್ತದೆ. ನಮ್ಮವರು ಗುಂಡಿ ಒತ್ತುವುದು, ಪಂಚೆ ಎತ್ತಿಕೊಂಡು ಹಿಂದಕ್ಕೆ ಓಡುವುದು, ಅಷ್ಟರಲ್ಲಿ ಅದು ಮಲಗಿರುವುದು, ಮತ್ತೆ ಮುಂದಕ್ಕೆ ಓಡುವುದು. ಅಡುಗೆಮನೆಯ ಕಿಟಕಿಯಿಂದ ನಾನು ನೋಡುತ್ತಲೇ ಇದ್ದೆ. ಕೊನೆಗೆ ಏದುಸಿರು ಬಿಡುತ್ತ ನಿಂತು ಕೂಗಿದರು.

“ಕಸ್ತೂರಿ!”

ಅವರ ಬಾಯಲ್ಲಿ ನನ್ನ ಹೆಸರು ಕೇಳಿ ಎಷ್ಟು ಕಾಲವಾಗಿತ್ತೆಂದರೆ, ಯಾರನ್ನೋ ಕರೆಯುತ್ತಿದ್ದಾರೆಂದು ನಾನು ಹಿಂದೆ ತಿರುಗಿ ನೋಡಿದೆ. ಒಗ್ಗರಣೆಯ ಒಲೆ ಆರಿಸಿ ಓಡಿದೆ.

“ಹಿಂದ್ಗಡೆ ನಿಂತ್ಕ. ಎದ್ರೆ ಎದ್ದೈತೆ ಅನ್ನು.”

“ಏಳ್ದಿದ್ರೆ?”

“ಎದ್ದಿಲ್ಲ ಅನ್ನು.”

ಅವರು ಒಳಗೆ ಕೂತರು. ನಾನು ಹಿಂದೆ ನಿಂತೆ.

“ಎದ್ದೈತಾ?”

“ಇಲ್ರಿ.”

“ಈಗ?”

“ಇಲ್ರಿ.”

“ಈಗ ನೋಡು?”

“ಹಾ, ಎದ್ದೈತ್ರಿ, ಎದ್ದೈತೆ! ಅಯ್ಯೋ, ಮಲಗ್ತು ನೋಡ್ರಿ.”

“ಪೂರ್ತಿ ಮಲಗ್ತೋ, ಅರ್ಧನೋ?”

“ಅರ್ಧ ರೀ. ಎಡಗಡೆ ಕೊಂಚ ಸೊಟ್ಟ.”

ನಿಮಗೆ ಇದು ಒಂದು ಸಂಭಾಷಣೆ ಅನ್ನಿಸಲಿಕ್ಕಿಲ್ಲ. ನನಗೆ ಅದು ಹಬ್ಬ. ಒಂದು ಪ್ರಶ್ನೆ, ಅದಕ್ಕೊಂದು ಉತ್ತರ, ಆ ಉತ್ತರ ಕೇಳಿಸಿಕೊಂಡು ಮತ್ತೊಂದು ಪ್ರಶ್ನೆ! ಆ ದಿನ ಅನ್ನ ತಳ ಹತ್ತಿತು, ನಮ್ಮವರು ಸುಮ್ಮನೆ ಉಂಡರು. ಮರುದಿನದಿಂದ ನಾನು ಬೆಳಿಗ್ಗೆ ಬೇಗ ಅಡುಗೆ ಮುಗಿಸಿ, ಒಳ್ಳೆಯ ಸೀರೆ ಉಟ್ಟು, ಹೂವು ಮುಡಿದು ಬಾಲದ ಹಿಂದೆ ಹಾಜರಾಗತೊಡಗಿದೆ. ಕಾಂಪೌಂಡಿನ ಆಚೆಯಿಂದ ಶಹರ್ಬಾನು ನೋಡಿ ನಕ್ಕಳು. “ಏನ್ರಿ ಕಸ್ತೂರಮ್ಮ, ಆರತಿ ಎತ್ತೋದೊಂದು ಬಾಕಿ ಐತೆ ನೋಡ್ರಿ!” ನಗಲಿ ಬಿಡಿ. ಅವಳ ಗಂಡ ಮನೆಯಲ್ಲಿ ಬಾಯಿ ಮುಚ್ಚುವುದೇ ಇಲ್ಲ, ಅವಳಿಗೇನು ಗೊತ್ತು.

ನಡುವೆ ಹರಿಹರದಿಂದ ಮುನಾಫ್ ಬಂದ. ಲಾರಿಗಳಿಗೆ ವೈರಿಂಗ್ ಮಾಡುವವನು, ಬಾಯಿ ಮಾತ್ರ ವಿಮಾನ ರಿಪೇರಿ ಮಾಡುವವನದು.

“ಫಾರಿನ್ ಅಂದ್ರೇನ್ರಿ ಸಾವ್ಕಾರ್ರೆ? ಅಲ್ಲೂ ಒಂದು ಪ್ಲಸ್ಸು, ಒಂದು ಮೈನಸ್ಸು. ಮೂರ್ನೇದು ಎಲ್ಲಿಂದ ತರ್ತಾರ್ರಿ ಅವ್ರು?” ಎಂದು ಹಿಂದಿನ ಮುಚ್ಚಳ ಬಿಚ್ಚಿದ. ಒಳಗೆ ಶ್ಯಾವಿಗೆಯಂತೆ ಬಣ್ಣಬಣ್ಣದ ವೈರು. ಫ್ಯೂಸ್ ಬದಲಿಸಿದ. ಮೋಟಾರಿಗೆ ಕರೆಂಟು ಬಿಟ್ಟು ತಡೆಯುವ ರಿಲೇ ಎಂಬ ಪುಟ್ಟ ಡಬ್ಬಿಯನ್ನು ಕಿತ್ತು ಯಾವುದೋ ಲಾರಿಯ ರಿಲೇ ಕೂಡಿಸಿದ. ಅವನ ಹಸ್ತಗುಣದಿಂದ ಹಾರ್ನ್ ಬಾರಿಸಿದರೆ ಬಾಲ ಏಳತೊಡಗಿತು, ಬ್ರೇಕ್ ತುಳಿದರೆ ವೈಪರ್ ಆಡತೊಡಗಿತು.

“ಏನೋ ಇದು?” ಎಂದು ನಮ್ಮವರು ಗುಡುಗಿದರು.

“ಏಳ್ತೈತಲ್ರಿ! ಏಳೋದು ಮುಖ್ಯ. ಎದಕ್ಕೆ ಏಳ್ತೈತೆ ಅಂತ ಯಾಕ ತಲಿ ಕೆಡಿಸ್ಕಂತೀರಿ?”

ಅವನಿಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಮೇಲೆ ಎರಡು ಲೋಟ ಚಹಾ ಕೊಟ್ಟು ನಾನು ಮನಸಾರೆ ಉಪಚರಿಸಿದೆ. ಅವನ ಕೈ ಸದಾ ಹೀಗೇ ಇರಲಿ ಎಂದು ಹಾರೈಸಿದೆ ಕೂಡ.

ಅವನು ಮಾಡಿದ್ದನ್ನೆಲ್ಲ ಬಿಚ್ಚಿ, ಮೊದಲಿನ ರಿಲೇ ಮತ್ತೆ ಕೂಡಿಸಿ, ನಮ್ಮವರು ತಾವೇ ಒಂದೊಂದಾಗಿ ಪರೀಕ್ಷಿಸಲು ಕೂತರು. ಮೋಟಾರಿಗೆ ನೇರವಾಗಿ ಬ್ಯಾಟರಿ ಕೊಟ್ಟರೆ ತಿರುಗುತ್ತದೆ, ಅಂದರೆ ಮೋಟಾರು ಸರಿ. ರಿಲೇ ಟಿಕ್ ಎನ್ನುತ್ತದೆ, ಅದೂ ಸರಿ. ಬಾಲ ಪೂರ್ತಿ ಎದ್ದ ಮೇಲೆ ಮೋಟಾರನ್ನು ನಿಲ್ಲಿಸುವ ಪುಟ್ಟ ಸ್ವಿಚ್ಚೊಂದಿದೆ, ಅದನ್ನು ಸೀಮೆಎಣ್ಣೆಯಲ್ಲಿ ತೊಳೆದದ್ದು ನಾನೇ. ಒಂದು ಸಂಜೆ ವೈರಿನ ತುದಿ ಹಿಡಿದುಕೊಂಡು, ತಾವಾಗಿಯೇ ನನಗೆ ವಿವರಿಸಿದರು.

“ಕರೆಂಟು ಬಂದ್ರಷ್ಟೇ ಸಾಲಲ್ಲ ಕಸ್ತೂರಿ, ವಾಪಸ್ ಹೋಗಕ್ಕೂ ದಾರಿ ಬೇಕು. ಅದಕ್ಕೆ ಅರ್ತಿಂಗ್ ಅಂತಾರೆ. ಅದಿಲ್ದಿದ್ರೆ ಈ ಕಡೆಯಿಂದ ಎಷ್ಟು ಕೊಟ್ರೂ ದಂಡ.”

ಎಷ್ಟು ಉದ್ದದ ಮಾತು! ನನಗೂ ಹಾಗೇ ಆಗಿದೆ ರೀ, ಇಷ್ಟು ವರ್ಷ ಈ ಕಡೆಯಿಂದ ಕೊಟ್ಟದ್ದು ಒಂದೂ ವಾಪಸು ಬಂದಿಲ್ಲ ಎಂದು ಹೇಳಬೇಕೆನ್ನಿಸಿತು. “ಸ್ಕ್ರೂಡ್ರೈವರ್ ಕೊಡ್ಲಾ?” ಎಂದು ಕೇಳಿದೆ.

ತಪ್ಪು ಸಿಕ್ಕಿದ್ದು ನನ್ನಿಂದಲೇ. ಬಿಸಿಲಿಗೆ ತಲೆ ಸುತ್ತಿದಂತಾಗಿ ಒಂದು ದಿನ ಬಾಲದ ಪಕ್ಕದಲ್ಲಿ ಕೈಯೂರಿದೆ. ತಟ್ಟನೆ ಬಾಲ ಪೂರ್ತಿ ಎದ್ದು ನಿಂತಿತು. ಕೈ ತೆಗೆದು ಮತ್ತೆ ನೋಡಿದರೆ ಏಳುವುದಿಲ್ಲ. ಕೈ ಇಟ್ಟರೆ ಏಳುತ್ತದೆ.

“ನೀ ಕೈ ಇಟ್ರೆ ಮಾತ್ರ ಏಳ್ತೈತೆ!” ಎಂದು ನಮ್ಮವರು ಕಣ್ಣರಳಿಸಿ ನನ್ನನ್ನು ನೋಡಿದರು.

ಇನ್ನು ಮೇಲೆ ನಾನಿಲ್ಲದೆ ಈ ಕಾರು ಎಲ್ಲಿಗೂ ಹೋಗುವಂತಿಲ್ಲ ಎಂದು ಅವರು ತೀರ್ಮಾನಿಸುತ್ತಾರೆಂದು ನಾನು ನಿಂತಲ್ಲೇ ಕನಸು ಕಂಡೆ. ಅವರು ತೀರ್ಮಾನಿಸಿದ್ದು ಬೇರೆ. ನನ್ನ ಕೈಯ ಕೆಳಗೇ ಅರ್ತಿಂಗ್ ವೈರಿನ ಸ್ಕ್ರೂ ಸಡಿಲವಾಗಿತ್ತು, ಸುತ್ತ ತುಕ್ಕು. ಕಾರು ಓಡುವಾಗ ಅದುರಿ ಅದುರಿ ಸಂಪರ್ಕ ತಪ್ಪುವುದು. ಮೊದಮೊದಲು ನಿಂತಾಗಲಾದರೂ ವೈರು ಕೂತುಕೊಂಡು, ರಸ್ತೆಯಲ್ಲಿ ಏಳದೆ ಉಳಿದಿದ್ದ ಬಾಲ ಸರ್ಕಲ್ಲಿನಲ್ಲಿ ಏಳುತ್ತಿತ್ತು; ಬಿಚ್ಚಿ ಕೂಡಿಸಿ ಮಾಡಿದ ಮೇಲೆ ಅದೂ ತಪ್ಪಿತ್ತು. ತುಕ್ಕು ಕೆರೆದು ಸ್ಕ್ರೂ ಬಿಗಿ ಮಾಡಿದರು. ಬಾಲ ಸರಿಹೋಯಿತು. ನನಗೆ ಅಳು ಬಂತು, ಆನಂದಬಾಷ್ಪ ಎಂದು ಅವರು ತಿಳಿದರು.

ಆದರೆ ಒಮ್ಮೆ ಕೈಕೊಟ್ಟ ಬಾಲವನ್ನು ನಂಬುವುದು ಹೇಗೆ? ನಿಂತಾಗ ಎದ್ದರೆ ಏನು ಬಂತು, ಓಡುವಾಗ ಏಳಬೇಕಲ್ಲ!

“ನಡಿ, ಹರಿಹರದ ಮಟ ಹೋಗಿ ಬರಾಣ. ನೀ ನೋಡ್ತಾ ಇರು,” ಎಂದರು.

ಆ ಕಾರಿನಲ್ಲಿ ನಾನು ಕೂತದ್ದು ಅದೇ ಮೊದಲು. ಕೂತೆ ಎನ್ನುವುದೂ ಸುಳ್ಳು. ಬಾಲ ಕಾಣಬೇಕಾದರೆ ಸೀಟಿನ ಮೇಲೆ ಮಂಡಿಯೂರಿ, ಹಿಂದಿನ ಗಾಜಿನ ಕಡೆ ಮುಖ ಮಾಡಬೇಕಾಗಿತ್ತು. ಊರು ದಾಟಿದ ಮೇಲೆ ಪೂನಾ ರಸ್ತೆಯಲ್ಲಿ ಕಾರು ಚಿಮ್ಮಿತು. ದಾವಣಗೆರೆಯ ಗಿರಣಿ ಚಿಮಣಿಗಳು ದೂರ ದೂರ ಹೋಗುವುದನ್ನು ನೋಡುತ್ತ ನಾನು ಹರಿಹರಕ್ಕೆ ಬೆನ್ನು ಹಾಕಿಕೊಂಡು ಹರಿಹರಕ್ಕೆ ಹೋದೆ.

“ಎದ್ದೈತಾ?”

“ಎದ್ದೈತ್ರಿ!”

“ಈಗ್ಲೂ?”

“ರಾಜನಂಗೆ ನಿಂತೈತ್ರಿ!”

ಸ್ಟೇರಿಂಗು ಎಡಗಡೆ ಇತ್ತೆಂದು ಹೇಳಿದೆನಲ್ಲ. ನಾನಿದ್ದದ್ದು ಬಲಗಡೆ, ಅಂದರೆ ನಮ್ಮ ದೇಶದಲ್ಲಿ ಡ್ರೈವರ್ ಕೂರುವ ಕಡೆ. ಎದುರಿನಿಂದ ಬಂದವರಿಗೆ ಕಂಡದ್ದು ಇಷ್ಟೇ: ಬಾಣದಂತೆ ಬರುವ ಕೆಂಪು ಕಾರು, ಡ್ರೈವರ್ ಜಾಗದಲ್ಲಿ ಹೂವು ಮುಡಿದ ಒಬ್ಬ ಹೆಂಗಸು, ಅವಳು ರಸ್ತೆಗೆ ಬೆನ್ನು ತಿರುಗಿಸಿ ಮಂಡಿಯೂರಿದ್ದಾಳೆ. ಒಬ್ಬ ಲಾರಿಯವನು ಲಾರಿಯನ್ನು ಜಾಲಿ ಪೊದೆಯೊಳಗೆ ಇಳಿಸಿ, ಹೊರಗೆ ಬಂದು ಎರಡೂ ಕೈ ಮುಗಿದದ್ದನ್ನು ನಾನು ಹಿಂದಿನ ಗಾಜಿನಲ್ಲಿ ಕಣ್ಣಾರೆ ಕಂಡೆ.

“ಲಾರಿಯವ್ನು ಕೈ ಮುಗಿತಾನ್ರಿ ನಮಗೆ!”

ನಮ್ಮವರು ನಕ್ಕರು. ಸಣ್ಣ ನಗು ಅಲ್ಲ, ಹೊಟ್ಟೆ ಕುಣಿಸಿಕೊಂಡು ನಕ್ಕರು. ಹರಿಹರದ ಸೇತುವೆಯ ಹತ್ತಿರ ನಿಲ್ಲಿಸಿ ಕಬ್ಬಿನ ಹಾಲು ಕುಡಿದೆವು. “ಕತ್ತು ನೋಯ್ತೈತೇನು?” ಎಂದು ಕೇಳಿದರು. ನೋಯುತ್ತಿತ್ತು, ಭಾರಿ ನೋಯುತ್ತಿತ್ತು. ಇಲ್ಲ ಎಂದೆ. ನಾನು ಅಷ್ಟು ಸುಖವಾಗಿದ್ದ ಇನ್ನೊಂದು ದಿನ ನನಗೆ ನೆನಪಿಗೆ ಬರುವುದಿಲ್ಲ.

ಅಲ್ಲಿಗೆ ನಾನು ಸುಮ್ಮನಿರಬೇಕಾಗಿತ್ತು. ಆಮೇಲೆಯೂ ಅವರು ಗಿರಣಿಗೆ ಹೊರಡುವ ಮುಂಚೆ ದಿನಾ ಬೆಳಿಗ್ಗೆ ನನ್ನನ್ನು ಹಿಂದೆ ನಿಲ್ಲಿಸಿ ಬಾಲ ನೋಡಿಸುತ್ತಿದ್ದರು, ರಜೆಯ ದಿನ ಹರಿಹರಕ್ಕೆ ಒಂದು ಸುತ್ತು ಹೋಗುತ್ತಿದ್ದೆವು. ಮಾತಿನ ರುಚಿ ಹತ್ತಿದವಳಿಗೆ ಹೊಗಳಿಸಿಕೊಳ್ಳುವ ಚಪಲ. ಅವರ ಅಂಗಿಗೆ ಇಸ್ತ್ರಿ ಹಾಕುತ್ತ ನಿಂತವಳಿಗೆ ಇಸ್ತ್ರಿ ಪೆಟ್ಟಿಗೆಯ ಕೆಂಪು ದೀಪ ಕಣ್ಣಿಗೆ ಬಿತ್ತು. ಬಿಸಿಯಾಗುವಾಗ ಹತ್ತುತ್ತದೆ, ಆದ ಮೇಲೆ ಆರುತ್ತದೆ. ನನ್ನ ಬುದ್ಧಿ ಅಂದೇಕೆ ಅಷ್ಟು ಚುರುಕಾಯಿತೋ!

“ರೀ, ಬಾಲ ಎದ್ರೆ ಹತ್ತೋ ಹಂಗೆ, ಮಲಗಿದ್ರೆ ಆರೋ ಹಂಗೆ ನಿಮ್ಮ ಮುಂದೆ ಒಂದು ಸಣ್ಣ ಬಲ್ಬು ಹಾಕಿಸಿದ್ರೆ ಹೆಂಗೆ?”

ನಮ್ಮವರು ಊಟದ ತಟ್ಟೆಯಿಂದ ತಲೆ ಎತ್ತಿ, ಕಲಸಿದ ತುತ್ತನ್ನು ಕೆಳಗಿಟ್ಟರು.

“ಕಸ್ತೂರಿ, ನೀನು ಎಂಜಿನಿಯರ್ ಆಗಬೇಕಿತ್ತು ಕಣೇ!”

ನಾನು ನೆಲದ ಮೇಲೆ ನಿಂತಿರಲಿಲ್ಲ. ಮುನಾಫ್ ಬಂದ. ಜನ್ಮದಲ್ಲಿ ಒಂದು ಕೆಲಸವನ್ನೂ ನೆಟ್ಟಗೆ ಮಾಡದ ಮುನಾಫ್, ಅವತ್ತು ಮಾತ್ರ ಒಂದು ವೈರೂ ತಪ್ಪದಂತೆ, ಬಟಾಣಿಯಷ್ಟು ದಪ್ಪದ ಕೆಂಪು ಬಲ್ಬನ್ನು ಸ್ಟೇರಿಂಗಿನ ಮುಂದೆ ಕೂಡಿಸಿಬಿಟ್ಟ. ಬಾಲ ಎದ್ದರೆ ದೀಪ, ಮಲಗಿದರೆ ಕತ್ತಲೆ.

ಮರುದಿನ ಬೆಳಿಗ್ಗೆ ಹೂವು ಮುಡಿದು ಬಾಲದ ಹಿಂದೆ ಹೋಗಿ ನಿಂತೆ. ಕಾರಿನೊಳಗಿಂದ ಅವರು ತಲೆ ಹೊರಗೆ ಹಾಕಿದರು.

“ಯಾಕ?”

“ನೋಡಾಕ ರೀ. ಎದ್ದೈತೋ ಇಲ್ಲೋ ಅಂತ.”

“ಬ್ಯಾಡ ಬ್ಯಾಡ. ಲೈಟ್ ಬರ್ತೈತೆ.”

ಹೋದರು. ಹೊಗೆ ಆರುವ ತನಕ ನಾನು ಅಲ್ಲೇ ನಿಂತಿದ್ದೆ. ಸವತಿಯನ್ನು ಕೈಯಾರೆ ಆರತಿ ಎತ್ತಿ ಮನೆ ತುಂಬಿಸಿಕೊಂಡವಳು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು. ಸಂಜೆ ಅವರು ಬಂದರು, ಉಂಡರು, ಮಲಗಿದರು. ಬಾಲ ಹೇಗಿದೆ ಎಂದು ನಾನೇ ಮೇಲೆ ಬಿದ್ದು ಕೇಳಿದೆ. “ಹೂಂ,” ಎಂದರು. ಮನೆಯ ಗೋಡೆಗಳೆಲ್ಲ ಮೊದಲಿಗಿಂತ ದೂರ ದೂರ ಸರಿದಂತೆ ಕಂಡವು. ಮೊದಲಾದರೆ ಆ ಮೌನ ಅಭ್ಯಾಸವಾಗಿತ್ತು, ಈಗ ತಡೆಯಲಾಗುತ್ತಿರಲಿಲ್ಲ.

ಒಂದೇ ಆಸೆ ಉಳಿದಿತ್ತು. ಬಲ್ಬು ಎಂದ ಮೇಲೆ ಎಂದಾದರೊಂದು ದಿನ ಸುಡಲೇಬೇಕು. ನಮ್ಮ ಬಚ್ಚಲುಮನೆಯಲ್ಲಿ ಯಾವ ಬಲ್ಬು ಎಷ್ಟು ಕಾಲ ಬಾಳಿದೆ? ಹರಿಹರೇಶ್ವರನಿಗೆ ತೆಂಗಿನಕಾಯಿ ಹರಕೆ ಹೊತ್ತುಕೊಂಡೆ. ದೇವರು ದೊಡ್ಡವನು. ಒಂದು ಸಂಜೆ ನಮ್ಮವರು ಕಾರಿನಿಂದ ಇಳಿಯುತ್ತಲೇ ಹೇಳಿದರು.

“ಹರಿಹರಕ್ಕೆ ಹೋಗಿದ್ನಾ, ದಾರಿಯಾಗೆ ಬಲ್ಬು ಹೋತು.”

“ಹೋತಾ!” ಎಂದೆ. ನನ್ನ ದನಿಯಲ್ಲಿದ್ದ ಉತ್ಸಾಹವನ್ನು ಅವರು ಗಮನಿಸಲಿಲ್ಲ. ಸೆರಗು ಸಿಕ್ಕಿಸಿಕೊಂಡು ಆಗಲೇ ಅಂಗಳಕ್ಕೆ ಇಳಿದಿದ್ದೆ. “ನಡೀರಿ, ಹಿಂದ್ಗಡೆ ನಿಂತ್ಕಂತೀನಿ. ಗುಂಡಿ ಒತ್ರಿ ನೋಡಾಣ.”

“ಅಯ್ಯ, ಬ್ಯಾಡ ಇರು. ಮುನಾಫನ ಅಂಗಡ್ಯಾಗೆ ಬ್ಯಾರೆ ಹಾಕಿಸ್ಕಂಡೇ ಬಂದೆ.” ಜೇಬಿನಿಂದ ಒಂದು ರಟ್ಟಿನ ಡಬ್ಬಿ ತೆಗೆದು ನನ್ನ ಕೈಯಲ್ಲಿಟ್ಟರು. ನನ್ನ ಮುಖವನ್ನೇ ನೋಡುತ್ತ, ಬಹಳ ಮೃದುವಾಗಿ ಹೇಳಿದರು. “ಮತ್ತೆ ಹೋದ್ರೂ ಇರ್ಲಿ ಅಂತ ಡಬ್ಬಿನೇ ತಂದೀನಿ. ಆವಾಗ ದಿನಾ ಬಿಸಿಲಾಗೆ ನಿಂತು ನಿಂತು ಎಷ್ಟು ತ್ರಾಸಾಗಿತ್ತು ನಿನಗೆ. ಪಾಪ, ಒಂದು ದಿನ ಬಾಯಿ ಬಿಡಲಿಲ್ಲ ನೀನು. ಇನ್ನು ಜನ್ಮದಾಗೆ ನೀನು ಅಲ್ಲಿ ನಿಲ್ಲೋದು ಬ್ಯಾಡ. ಜ್ವಾಪಾನ ಇಡು ಇದನ್ನ.”

ಅವರು ಕೈಕಾಲು ತೊಳೆಯಲು ಬಚ್ಚಲಿಗೆ ಹೋದರು. ನಾನು ಕೋಣೆಗೆ ಬಂದು, ಬೀರು ತೆರೆದು, ಇಡುವ ಮೊದಲು ಡಬ್ಬಿಯ ಮುಚ್ಚಳ ಎತ್ತಿ ನೋಡಿದೆ. ದಾರಿಯಲ್ಲಿ ಕುಲುಕಾಡಬಾರದೆಂದು ಒಂದೊಂದು ಬಲ್ಬಿಗೂ ತಾವೇ ಕೂತು ಹತ್ತಿ ಸುತ್ತಿದ್ದರು. ಒಂದೂ ಒಡೆದಿರಲಿಲ್ಲ.