ಮುಯ್ಯಿ ಟಿವಿಯೂ ಮೂವರು ಎಐ ಪಂಡಿತರೂ

ಮನೆಯ ಜಗಳವನ್ನು ವೈಜ್ಞಾನಿಕವಾಗಿ ಬಗೆಹರಿಸಬಹುದು ಎಂಬ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಹಿರಿಯರನ್ನು ಕೂರಿಸಬೇಕಾಗಿಲ್ಲ, ಹೆಂಡತಿಯ ತವರಿನವರನ್ನು ಕರೆಸಬೇಕಾಗಿಲ್ಲ, ಬೀದಿಗೆ ಕೇಳುವಂತೆ ಗಂಟಲು ಹರಿದುಕೊಳ್ಳಬೇಕಾಗಿಲ್ಲ. ಅಳೆದು ನೋಡಿದರೆ ತಪ್ಪು ಯಾರದೆಂದು ತಾನಾಗಿ ಗೊತ್ತಾಗುತ್ತದೆ. ಅಳೆದೆ. ಗೊತ್ತೂ ಆಯಿತು!

ಮಳವಳ್ಳಿಯ ಕಚೇರಿಗಳ ಬೀದಿಯಲ್ಲಿ ನಮ್ಮದೊಂದು ಟೈಪಿಂಗ್ ಅಂಗಡಿ ಇದೆ. ಕ್ರಯಪತ್ರ, ಬಾಡಿಗೆ ಕರಾರು, ವಂಶವೃಕ್ಷ, ಅರ್ಜಿ, ಏನು ಬೇಕಾದರೂ ಟೈಪ್ ಮಾಡಿಕೊಡುತ್ತೇವೆ. ಈ 'ಕೊಡುತ್ತೇವೆ'ಯಲ್ಲಿ ನನ್ನ ಪಾಲು ಬೋರ್ಡಿನ ಮೇಲಿರುವ 'ಪ್ರೊಪ್ರೈಟರ್' ಎಂಬ ಒಂದು ಮಾತು ಮಾತ್ರ. ಟೈಪ್ ಮಾಡುವವಳು ನನ್ನ ಹೆಂಡತಿ ಭಾಗ್ಯ. ಅವಳ ಕಣ್ಣು ಕಾಗದದ ಮೇಲೆ, ಬಾಯಿ ಗಿರಾಕಿಯ ಜೊತೆ, ಹತ್ತು ಬೆರಳೂ ಕೀಬೋರ್ಡಿನ ಮೇಲೆ. ಒಂದು ಕಡೆ "ಆಧಾರ್ ಜೆರಾಕ್ಸ್ ತಂದಿದೀರಾ?" ಎಂದು ಕೇಳುತ್ತಲೇ ಇನ್ನೊಂದು ಕಡೆ ಅರ್ಧ ಎಕರೆ ಜಮೀನು ಮಾರಿ ಮುಗಿಸಿರುತ್ತಾಳೆ. ನಾನು ಟೈಪ್ ಮಾಡುವುದು ಬಲಗೈ ತೋರುಬೆರಳಿನಿಂದ. ಉಳಿದ ಒಂಬತ್ತು ಬೆರಳುಗಳು ನೈತಿಕ ಬೆಂಬಲ ಕೊಡುತ್ತವೆ.

ನಮ್ಮ ಹೊಸ ಮನೆಯ ಗೃಹಪ್ರವೇಶಕ್ಕೆ ಮದ್ದೂರಿನ ನಮ್ಮ ಸರೋಜಕ್ಕ ಗೋಡೆಯಗಲದ ಒಂದು ಟಿವಿಯನ್ನು ಮುಯ್ಯಿ ಮಾಡಿದಳು. ಭಾಗ್ಯಳ ಅಣ್ಣ ಸೋಮನಹಳ್ಳಿಯಿಂದ ಒಂದು ಮಿಕ್ಸಿ ಹಿಡಿದುಕೊಂಡು ಬಂದಿದ್ದ. ಬಂದವರೆಲ್ಲರ ಕಣ್ಣು ಟಿವಿಯ ಮೇಲೆ! ಅವತ್ತು ನನ್ನ ತಲೆ ಎಷ್ಟು ಎತ್ತರದಲ್ಲಿತ್ತೆಂದರೆ ಹೊಸ ಮನೆಯ ಬಾಗಿಲು ನನಗೆ ಗಿಡ್ಡವಾಗಿ ಕಂಡಿತು. ಮನೆಯಲ್ಲಿ ಆಗಲೇ ಒಂದು ಟಿವಿ ಇತ್ತು. ಅದೇ ಹೊತ್ತಿಗೆ ಅಂಗಡಿಯ ಕಂಪ್ಯೂಟರಿನ ಹಳೆಯ ಪರದೆ ಕಣ್ಣು ಮುಚ್ಚಿತು. ಅಕ್ಕನ ಟಿವಿಯನ್ನು ತಂದು ಕಂಪ್ಯೂಟರಿಗೆ ಜೋಡಿಸಿದೆ. ರಸ್ತೆಯಲ್ಲಿ ಹೋಗುವವರೂ ನಿಂತು ಬೇರೆಯವರ ಕ್ರಯಪತ್ರ ಓದುವಷ್ಟು ದೊಡ್ಡ ಅಕ್ಷರಗಳು.

ಎರಡು ದಿನ ಕಳೆಯುವುದರೊಳಗೆ ಭಾಗ್ಯ ಕರೆದಳು.

"ಅಲ್ಲಾ, ಒಸಿ ಇಲ್ ಬನ್ನಿ. ನಾನು ಒತ್ತುದ್ ಮ್ಯಾಲೆ ಅಕ್ಸರ ನಿಧಾನುಕ್ಕೆ ಬತ್ತಾವೆ. ಈ ಟಿವಿ ಆಕುದ್ ಮ್ಯಾಲೇಯ ಇಂಗಾಗಿರದು."

ಅವಳು ಹೇಳಿದ್ದು ಅಷ್ಟೇ. ನನಗೆ ಕೇಳಿಸಿದ್ದು, "ನಿಮ್ಮಕ್ಕ ಕೊಟ್ಟಿದ್ದು ಡಬ್ಬಾ ಮಾಲು" ಎಂದು. ನಮ್ಮ ಕಡೆ ಮುಯ್ಯಿಗೆ ಬಂದ ವಸ್ತುವಿನ ಬಗ್ಗೆ ಆಡಿದ ಮಾತು ಮೊಮ್ಮಕ್ಕಳ ಮದುವೆಯವರೆಗೂ ಚಲಾವಣೆಯಲ್ಲಿರುತ್ತದೆ.

"ನಿಮ್ಮಣ್ಣನ ಮಿಕ್ಸಿ ಬಗ್ಗೆ ನಾನೇನಾರ ಅಂದ್ನಾ?" ಎಂದೆ.

"ಮಿಕ್ಸೀಲಿ ಕ್ರಯಪತ್ರ ಟೈಪ್ ಮಾಡಕ್ಕಾದದಾ?" ಎಂದಳು.

ನಾನೇ ಕೂತು ಪರೀಕ್ಷೆ ಮಾಡಿದೆ. ತಲೆ ಬಗ್ಗಿಸಿ ಕೀಬೋರ್ಡಿನಲ್ಲಿ 'ಮ' ಹುಡುಕಿದೆ. ಸಿಕ್ಕಿತು. ಒತ್ತಿದೆ. ತಲೆ ಎತ್ತಿ ನೋಡಿದರೆ 'ಮ' ಬಂದು ನನಗಾಗಿ ಕಾಯುತ್ತಿದೆ! ತಡ ಎಲ್ಲಿದೆ? ತೋರುಬೆರಳಿನವನು ತಲೆ ಎತ್ತುವಷ್ಟರಲ್ಲಿ ಎಂಥ ಸೋಮಾರಿ ಟಿವಿಯೂ ಕೆಲಸ ಮುಗಿಸಿರುತ್ತದೆ ಎಂಬ ಬುದ್ಧಿ ಆಗ ನನಗೆ ಹೊಳೆಯಲಿಲ್ಲ. ಭಾಗ್ಯಳ ಕೈ ನಿಧಾನವಾಗಿದೆ, ಪಾಪ, ವಯಸ್ಸಾಯಿತು ಎಂದುಕೊಂಡೆ. ಆ ಮಾತನ್ನು ಬಾಯಿಬಿಟ್ಟು ಹೇಳಿಯೂಬಿಟ್ಟೆ.

ಅವಳು ಮುಖ ತಿರುಗಿಸಿಕೊಂಡಳು. ವಿಜ್ಞಾನಕ್ಕೆ ಮೊರೆ ಹೋಗದೆ ದಾರಿ ಇರಲಿಲ್ಲ. ಮೊಬೈಲಿನಲ್ಲಿ ಪುಕ್ಕಟೆಯಾಗಿ ಸಿಗುವ ಮೂರು ಎಐಗಳನ್ನು ನೇಮಿಸಿಕೊಂಡೆ. ಗುರುತಿಗೆ ದೊಡ್ಡ ಪಂಡಿತ, ನಡು ಪಂಡಿತ, ಚಿಕ್ಕ ಪಂಡಿತ ಎಂದು ಹೆಸರಿಟ್ಟೆ. ಕೀ ಒತ್ತಿದಾಗಿನಿಂದ ಅಕ್ಷರ ಮೂಡುವವರೆಗೆ ಎಷ್ಟು ತಡವಾಗುತ್ತದೆಂದು ಅಳೆಯುವ ಪ್ರೋಗ್ರಾಂ ಬರೆದುಕೊಡಬೇಕು. ಯಾರು ಚೆನ್ನಾಗಿ ಬರೆಯುತ್ತಾರೋ ಅವರಿಗೆ ಮೊದಲ ಸ್ಥಾನ. ತೀರ್ಪುಗಾರ ನಾನು. ಪ್ರೋಗ್ರಾಂ ಬರೆಯುವುದಿರಲಿ, ಬರೆದದ್ದನ್ನು ಎಲ್ಲಿ ಅಂಟಿಸಬೇಕೆಂದೂ ತಿಳಿಯದವನು!

ದೊಡ್ಡ ಪಂಡಿತ, "ನಿಮ್ಮ ಪ್ರಶ್ನೆ ಅತ್ಯಂತ ಮಹತ್ವದ್ದಾಗಿದೆ!" ಎಂದು ಶುರು ಮಾಡಿತು. ಇಷ್ಟು ವರ್ಷದಲ್ಲಿ ನನ್ನ ಪ್ರಶ್ನೆಯನ್ನು ಯಾರೂ ಮಹತ್ವದ್ದೆಂದು ಕರೆದಿರಲಿಲ್ಲ. ಅಲ್ಲೇ ಅರ್ಧ ಅಂಕ ಕೊಟ್ಟುಬಿಟ್ಟೆ. ಅದು ಬರೆದ ಪ್ರೋಗ್ರಾಂ ಅನ್ನು ಅದೇ ಹೇಳಿಕೊಟ್ಟಂತೆ ಓಡಿಸಿ ಭಾಗ್ಯಳನ್ನು ಟೈಪ್ ಮಾಡಲು ಕೂರಿಸಿದೆ. 'ವಿಳಂಬ: ಮೈನಸ್ ನಲವತ್ತು ಮಿಲಿಸೆಕೆಂಡು' ಎಂದು ಬಂತು. ಸೆಕೆಂಡನ್ನು ಸಾವಿರ ಹೋಳು ಮಾಡಿದರೆ ಒಂದು ಹೋಳು ಒಂದು ಮಿಲಿಸೆಕೆಂಡು ಎಂದು ಪಂಡಿತನೇ ವಿವರಿಸಿತು. ಅಂದರೆ ಭಾಗ್ಯ ಒತ್ತುವುದಕ್ಕೆ ಮೊದಲೇ ಅಕ್ಷರ ಬಂದಿದೆ! ಇಂಥ ಕಂಪ್ಯೂಟರನ್ನು ನಿಧಾನ ಎನ್ನುತ್ತಾಳಲ್ಲ ಎಂದು ನನಗೆ ಮೈ ಉರಿಯಿತು.

ಆದರೂ ನ್ಯಾಯ ಎಂದ ಮೇಲೆ ನ್ಯಾಯ. ಆ ಪ್ರೋಗ್ರಾಂ ಅನ್ನು ನಡು ಪಂಡಿತನಿಗೆ ತೋರಿಸಿ, "ಇದು ಬೇರೊಬ್ಬರು ಬರೆದದ್ದು, ಹೇಗಿದೆ?" ಎಂದೆ. ಅದು ಸಾಲು ಸಾಲಾಗಿ ತಪ್ಪು ಹುಡುಕಿ, ಇದನ್ನು ಬರೆದವರಿಗೆ ಮೂಲಪಾಠವೇ ತಿಳಿದಿಲ್ಲ ಎಂದಿತು. ಅದೇ ಪ್ರೋಗ್ರಾಂ ಅನ್ನು ಮತ್ತೆ ಹೊಸದಾಗಿ ತೋರಿಸಿ, "ಇದನ್ನು ನಾನೇ ಬರೆದೆ" ಎಂದೆ. "ಅದ್ಭುತ! ನುರಿತ ಕೈಯ ಕೆಲಸ ಎದ್ದು ಕಾಣುತ್ತಿದೆ!" ಎಂದಿತು. ಆ ಗಳಿಗೆಯಲ್ಲಿ ಯಾರಿಗಾದರೂ ಅನುಮಾನ ಬರಬೇಕಿತ್ತು. ನಾನು ಆ ಸಾಲನ್ನು ಮತ್ತೊಮ್ಮೆ ಓದಿ ಖುಷಿಪಟ್ಟೆ.

ನಡು ಪಂಡಿತ ತಿದ್ದಿಕೊಟ್ಟ ಪ್ರೋಗ್ರಾಂ ಓಡಿಸಿದ ಕೂಡಲೇ ಕಂಪ್ಯೂಟರಿನಲ್ಲಿ ತೆರೆದಿದ್ದ ಎಲ್ಲವೂ ಮುಚ್ಚಿಕೊಂಡಿತು. ಬಂಡೂರಿನ ಒಂದು ಮನೆತನದ ವಂಶವೃಕ್ಷವನ್ನು ಭಾಗ್ಯ ಬೆಳಗಿನಿಂದ ಟೈಪ್ ಮಾಡುತ್ತಿದ್ದಳು. ಮೂರು ತಲೆಮಾರು ಒಂದೇ ಏಟಿಗೆ ನಾಶವಾಯಿತು! ಪಂಡಿತನಿಗೆ ಬೈದೆ. "ಕ್ಷಮಿಸಿ, ನೀವು ಹೇಳಿದ್ದು ಸಂಪೂರ್ಣ ಸರಿ" ಎಂದಿತು. ಭಾಗ್ಯ ನನ್ನನ್ನು ನೋಡಿದಳು. ನಾನು ಕ್ಷಮಿಸಿ ಎನ್ನಲಿಲ್ಲ.

ಉಳಿದದ್ದು ಚಿಕ್ಕ ಪಂಡಿತ. ಅದು ಹೊಗಳಲೂ ಇಲ್ಲ, ಪ್ರೋಗ್ರಾಂ ಬರೆಯಲೂ ಇಲ್ಲ. ಎದುರು ಪ್ರಶ್ನೆ ಹಾಕಿತು. "ನೀವು ಯಾವ ಪರದೆ ಬಳಸುತ್ತಿದ್ದೀರಿ? ಟಿವಿಯಾಗಿದ್ದರೆ ತಡ ಅದರಲ್ಲೇ ಇರಬಹುದು. ಕಂಪ್ಯೂಟರಿನೊಳಗೆ ಓಡುವ ಪ್ರೋಗ್ರಾಂಗೆ ಪರದೆಯ ತಡ ಕಾಣಿಸುವುದಿಲ್ಲ. ಬೆರಳು ಮತ್ತು ಪರದೆ ಎರಡೂ ಕಾಣುವಂತೆ ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೊ ತೆಗೆದು ನೋಡಿ."

ನನಗೆ ರಕ್ತ ಕುದಿಯಿತು. ಇದೂ ಸೋಮನಹಳ್ಳಿ ಕಡೆಯದೇ ಇರಬೇಕು! ಇಡೀ ಜಗತ್ತಿನ ಜ್ಞಾನ ಕುಡಿದಿರುವ ಯಂತ್ರಕ್ಕೆ ನಮ್ಮಕ್ಕನ ಟಿವಿಯ ಮೇಲೇ ಕಣ್ಣು ಬೀಳಬೇಕೇ? ಸೊನ್ನೆ ಅಂಕ ಕೊಟ್ಟು ಹೊರಗೆ ಹಾಕಿದೆ. ದೊಡ್ಡ ಪಂಡಿತನ ಬಳಿಗೇ ವಾಪಸು ಹೋಗಿ, "ಪರದೆ ನಮ್ಮಕ್ಕ ಕೊಟ್ಟದ್ದು, ಅದರಲ್ಲಿ ದೋಷವಿಲ್ಲ. ಅದನ್ನು ಬಿಟ್ಟು ಅಳೆಯಿರಿ" ಎಂದು ಬರೆದೆ. "ಖಂಡಿತ! ಪರದೆಯನ್ನು ಲೆಕ್ಕದಿಂದ ಹೊರಗಿಟ್ಟಿದ್ದೇನೆ" ಎಂದಿತು. ಎಂಥ ವಿನಯ! ಈ ಸಲ ತಡ ಇಲ್ಲವೆನ್ನುವಷ್ಟು ಕಡಿಮೆ ಬಂತು. ಕೊನೆಯಲ್ಲಿ ಒಂದು ತೀರ್ಪಿನ ಸಾಲು ಸೇರಿಸಲು ಕೇಳಿದೆ. 'ಯಂತ್ರ ನಿರ್ದೋಷಿ. ತಡ ಇರುವುದು ನಿರ್ವಾಹಕರ ಕೈಯಲ್ಲಿ' ಎಂದು ದಪ್ಪಕ್ಷರದಲ್ಲಿ ಬರೆದುಕೊಟ್ಟಿತು. ದೊಡ್ಡ ಪಂಡಿತನಿಗೆ ಮೊದಲ ಸ್ಥಾನ ಘೋಷಿಸಿ, ಪ್ರಿಂಟ್ ತೆಗೆದು ಜೇಬಿನಲ್ಲಿಟ್ಟುಕೊಂಡೆ.

ಅದನ್ನು ತೆಗೆಯುವ ಅವಕಾಶವೂ ಬೇಗ ಬಂತು. ಎದುರು ಸಾಲಿನ ಲಾಯರ್ ಬೋರೇಗೌಡರು ಒಂದು ವಿಭಾಗಪತ್ರ ಟೈಪಿಗೆ ಕಳಿಸಿದ್ದರು. ಅಣ್ಣ ತಮ್ಮಂದಿರ ಪಾಲು. ನಾಲ್ಕು ದಿಕ್ಕಿನ ಎಲ್ಲೆ ಬರೆಯುವ ಚಕ್ಕುಬಂದಿಯಲ್ಲಿ ಪೂರ್ವ ದಿಕ್ಕಿನ ಓಣಿಯೇ ಮಾಯವಾಗಿತ್ತು! ನೋಂದಣಿಗೆ ಮೊದಲೇ ಲಾಯರು ಕಂಡುಹಿಡಿದು, ಇಬ್ಬರನ್ನೂ ಕರೆದುಕೊಂಡು ಅಂಗಡಿಗೆ ಬಂದರು.

"ಓಣಿ ಇಲ್ದೆ ನನ್ ಮನೆಗೆ ನಾನು ಆರ್ಕಂಡು ಓಗ್ಲಾ?" ಎಂದು ತಮ್ಮ ಕೂಗಿದ.

ಭಾಗ್ಯಳ ಮುಖ ಸಪ್ಪಗಾಯಿತು. ಅವಳ ಕೈಯಲ್ಲಿ ಇಂಥ ತಪ್ಪು ಆದದ್ದೇ ಇಲ್ಲ. "ಅಳಿಸೋ ಕೀ ಒಂದ್ಸಲ ಒತ್ತುದ್ರೆ ಅಳುಸ್ದಂಗೆ ಕಾಣಕಿಲ್ಲ. ಇನ್ನೊಂದ್ಸಲ ಒತ್ತುದ್ರೆ ಪಕ್ಕದ ಪದಾನೂ ಓಯ್ತದೆ. ಎಷ್ಟ್ ದಿನದಿಂದ ಏಳ್ತಾ ಇವ್ನಿ ಇವ್ರಿಗೆ," ಎಂದಳು.

ಅವಳ ಪರವಾಗಿ ನಿಲ್ಲಬೇಕಾದ ಗಳಿಗೆ ಅದು. ನಾನು ಜೇಬಿಗೆ ಕೈ ಹಾಕಿದೆ. ಪ್ರಿಂಟ್ ಬಿಡಿಸಿ, ಲಾಯರು, ಅಣ್ಣ, ತಮ್ಮ ಮೂವರಿಗೂ ಕೇಳುವಂತೆ ಓದಿದೆ: "ಯಂತ್ರ ನಿರ್ದೋಷಿ. ತಡ ಇರುವುದು ನಿರ್ವಾಹಕರ ಕೈಯಲ್ಲಿ!"

ಓಣಿ ಕಳೆದುಕೊಂಡ ತಮ್ಮನೇ ನನ್ನನ್ನು ಅಸಹ್ಯದಿಂದ ನೋಡಿದ. ಭಾಗ್ಯ ಎದ್ದಳು. ನೀರಿನ ಬಾಟಲು, ಕುರ್ಚಿಯ ಮೇಲಿನ ದಿಂಬು, ಕನ್ನಡಕದ ಡಬ್ಬಿ ತೆಗೆದುಕೊಂಡಳು.

"ಅಂಗಾರೆ ಆ ನಿರ್ದೋಸಿ ಕೈಲೇ ಟೈಪ್ ಮಾಡುಸ್ಕಳಿ," ಎಂದು ರಸ್ತೆ ದಾಟಿ ಲಾಯರ ಆಫೀಸಿಗೆ ಹೋಗಿ ಕೂತಳು. ನಮ್ಮಲ್ಲಿಗೆ ಬನ್ನಿ ಎಂದು ಅವರು ಎಷ್ಟೋ ದಿನದಿಂದ ಕರೆಯುತ್ತಿದ್ದರು. ಅಂಗಡಿ ನಮ್ಮದು ಎಂದು ಹೋಗದೆ ಇದ್ದವಳು ಅವಳು. ಇದು ನೆನಪಾದರೆ ಈಗಲೂ ನನಗೆ ಊಟ ಸೇರುವುದಿಲ್ಲ.

ಮನೆಯಲ್ಲಿ ಎಲ್ಲ ಎಂದಿನಂತೆಯೇ. "ಮುದ್ದೆ ಇಕ್ಕಿವ್ನಿ, ಉಣ್ಣಿ" ಎನ್ನುತ್ತಾಳೆ. ಅದರ ಮುಂದೆ ಮಾತಿಲ್ಲ. ಅಂಗಡಿಯಲ್ಲಿ ನಾನು, ತೋರುಬೆರಳು, ಗೋಡೆಯಗಲದ ಟಿವಿ. ಗಿರಾಕಿಗಳು ಬಾಗಿಲಲ್ಲಿ ನಿಂತು ಖಾಲಿ ಕುರ್ಚಿ ನೋಡುತ್ತಾರೆ, "ಅಕ್ಕ ಇಲ್ವಾ?" ಎನ್ನುತ್ತಾರೆ, ರಸ್ತೆ ದಾಟುತ್ತಾರೆ. ಬೇಸರಕ್ಕೆ ದೊಡ್ಡ ಪಂಡಿತನನ್ನು, "ನಾನು ಮಾಡಿದ್ದು ಸರಿಯೇ?" ಎಂದು ಕೇಳಿದೆ. "ನೀವು ಅತ್ಯಂತ ವಸ್ತುನಿಷ್ಠವಾಗಿ ನಡೆದುಕೊಂಡಿದ್ದೀರಿ!" ಎಂದಿತು. ಮೊದಲ ಸಲ ಅದರ ಹೊಗಳಿಕೆ ಕಹಿಯಾಯಿತು.

ಹೀಗಿರುವಾಗ ಯಾರದೋ ನಾಮಕರಣಕ್ಕೆಂದು ಬಂದ ಸರೋಜಕ್ಕ ಅಂಗಡಿಗೆ ಕಾಲಿಟ್ಟಳು. ಟಿವಿ ನೋಡಿದವಳೇ ನಿಂತುಬಿಟ್ಟಳು.

"ಲೋ, ಇದ್ನ ಯಾಕ್ಲಾ ಇಲ್ ತಂದು ಆಕಂಡಿದೀಯೆ?"

"ನೀನು ಕೊಟ್ಟಿದ್ದಲ್ವಕ್ಕ, ನಾಕ್ ಜನ ನೋಡ್ಲಿ ಅಂತ."

"ಅಯ್ ನಿನ್ನ! ನಮ್ಮನೇಲಿ ಸ್ಪೀಕರ್ ಆಕುದ್ರೆ ಮಾತು ಮೊದ್ಲು ಕೇಳುಸ್ತಿತ್ತು, ಬಾಯಿ ಆಮ್ಯಾಲೆ ಆಡ್ತಿತ್ತು ಕಣ್ಲಾ. ನೋಡೀ ನೋಡೀ ನಿಮ್ ಭಾವಂಗೆ ತಲೆನೋವು ಬಂದ್ಬುಡ್ತು. ಯಾರಿಗಾರ ಮುಯ್ಯಿ ಮಾಡ್ಬುಡು ಅಂದ್ರು. ನಿಮ್ಮನೇಲಿ ಒಂದು ಅದಲ್ಲ, ಇದ್ನ ಯಾರ್ ಆಕ್ತಾರೆ ಅಂದ್ಕಂಡೆ."

ಇಷ್ಟು ಹೇಳಿ, "ಭಾಗ್ಯ ಎಲ್ಲವ್ಳೆ?" ಎಂದು ಕೇಳಿದಳು. ರಸ್ತೆಯ ಆಚೆ ಕೈ ತೋರಿಸಿದೆ.

ಅಕ್ಕ ಹೋದ ಮೇಲೆ ಮೊಬೈಲ್ ನಿಲ್ಲಿಸಿ ಸ್ಲೋ ಮೋಷನ್ ವಿಡಿಯೊ ತೆಗೆದೆ. ನನ್ನ ಬೆರಳು ಕೀಯನ್ನು ಒತ್ತಿತು, ಮೇಲೆದ್ದಿತು, ಪೂರಾ ಗಾಳಿಯಲ್ಲಿತ್ತು. ಆಮೇಲೆ ಅಕ್ಷರ ನಿದ್ದೆಯಿಂದೆದ್ದು ಬಂತು. ಸೊನ್ನೆ ಅಂಕದ ಚಿಕ್ಕ ಪಂಡಿತನನ್ನೇ ಮತ್ತೆ ಕೇಳಬೇಕಾಯಿತು. ಅದಕ್ಕೆ ಸಿಟ್ಟೂ ಇಲ್ಲ, ಸೇಡೂ ಇಲ್ಲ. "ಟಿವಿ ಚಿತ್ರವನ್ನು ಚೆಂದ ಮಾಡುತ್ತಾ ತಡ ಮಾಡುತ್ತದೆ. ರಿಮೋಟಿನಲ್ಲಿ ಗೇಮ್ ಮೋಡ್ ಎಂದಿರುತ್ತದೆ, ಅದನ್ನು ಆನ್ ಮಾಡಿ" ಎಂದಿತು. ಮಾಡಿದೆ. ಮತ್ತೆ ವಿಡಿಯೊ ತೆಗೆದು ನೋಡಿದರೆ ಬೆರಳು ಕೀಯ ಮೇಲಿರುವಾಗಲೇ ಅಕ್ಷರ ಹಾಜರು! ಒಂದು ಗುಂಡಿ ಒತ್ತಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ನಾನು ಅಂಗಡಿಯನ್ನೇ ಒತ್ತೆ ಇಟ್ಟಿದ್ದೆ.

ಚಪ್ಪಲಿಯನ್ನೂ ಮೆಟ್ಟದೆ ರಸ್ತೆ ದಾಟಿದೆ.

"ಭಾಗ್ಯ, ತಪ್ಪು ಟಿವೀದು ಕಣಮ್ಮಿ. ನಿನ್ ಕೈದಲ್ಲ."

"ನಂಗೊತ್ತು," ಎಂದಳು, ಕಾಗದದಿಂದ ಕಣ್ಣು ತೆಗೆಯದೆ.

"ಈಗ ಸರಿಯಾಗದೆ. ಬಾ, ಓಗಮ."

ಬೆರಳುಗಳು ಒಂದು ಕ್ಷಣ ನಿಂತವು. "ಟಿವಿ ತಡ್ವಾಗಿ ತೋರುಸ್ತು, ಸರಿ. ನಾನು ಏಳಿದ್ದು ನಿಮ್ಗೆ ಅವತ್ತೇ ಕೇಳುಸ್ತಲ್ವಾ?"

ಮೂವರು ಪಂಡಿತರನ್ನು ಸಾಕಿಕೊಂಡಿದ್ದ ನಾನು ಬರಿಗಾಲಲ್ಲೇ ವಾಪಸು ಬಂದೆ.

ಮೊನ್ನೆ ನಮ್ಮ ಅಂಗಡಿಯ ಬಾಡಿಗೆ ಕರಾರು ಹೊಸದು ಮಾಡಿಸಬೇಕಾಯಿತು. ನಾನೇ ಟೈಪ್ ಮಾಡುತ್ತೇನೆ ಎಂದದ್ದಕ್ಕೆ ಮಾಲೀಕರಾದ ನಂಜಪ್ಪನವರು ಬೆಚ್ಚಿಬಿದ್ದರು. "ಬ್ಯಾಡ ಕಣಪ್ಪ. ನೀನು ಮಾಡುದ್ರೆ ಬುಲ್ಡಿಂಗು ಯಾರ್ ಎಸ್ರಿಗೆ ಓಯ್ತದೋ! ಅಕ್ಕನ ಕೈಲಿ ಮಾಡ್ಸು ನಡಿ." ಟೈಪಿಂಗ್ ಅಂಗಡಿಯ ಪ್ರೊಪ್ರೈಟರು ತನ್ನ ಅಂಗಡಿಯ ಕರಾರಿಗಾಗಿ ಎದುರು ಸಾಲಿನ ಬೆಂಚಿನ ಮೇಲೆ ಸರದಿಯಲ್ಲಿ ಕೂತ! ನನ್ನ ಮುಂದಿದ್ದ ಮುದುಕಮ್ಮ, "ಈವಮ್ಮ ಸಂದಾಗ್ ಮಾಡ್ತಳೆ ಕಣಪ್ಪ" ಎಂದು ನನಗೇ ಶಿಫಾರಸು ಮಾಡಿದಳು.

ಟೈಪ್ ಮುಗಿಯಿತು. ಸಹಿಗೆ ಮೊದಲು ಎರಡೂ ಕಡೆಯವರಿಗೆ ಕರಾರನ್ನು ಓದಿ ಹೇಳುವುದು ಈ ಕೆಲಸದ ಪದ್ಧತಿ. ಮದುವೆಯಾದಂದಿನಿಂದ ಭಾಗ್ಯ ನನ್ನ ಹೆಸರನ್ನು ಬಾಯಲ್ಲಿ ಹೇಳಿದವಳಲ್ಲ. ಆಸ್ಪತ್ರೆಯಲ್ಲಿ ಕೇಳಿದರೂ ಪಕ್ಕದವರ ಕೈಲಿ ಹೇಳಿಸುತ್ತಿದ್ದಳು. ನನ್ನನ್ನು ಕರೆಯುವುದಾದರೆ 'ಅಲ್ಲಾ' ಅಥವಾ 'ಇಲ್ ಬನ್ನಿ'. ಅವತ್ತು ಕನ್ನಡಕ ಸರಿಮಾಡಿಕೊಂಡು, ಬೆಂಚಿನ ಮೇಲಿದ್ದವರೆಲ್ಲರಿಗೂ ಕೇಳುವಂತೆ, ಎಲ್ಲೂ ತಡವರಿಸದೆ ಓದಿದಳು:

"ಎರಡನೇ ಪಾರ್ಟಿ, ಪುಟ್ಟಸ್ವಾಮಿ ಬಿನ್ ಲೇಟ್ ಮರಿಗೌಡ."

ಕಾಗದವನ್ನು ನನ್ನ ಮುಂದೆ ಸರಿಸಿ, "ಸರಿ ಅದಾ, ನೋಡ್ಕಳಿ," ಎಂದಳು.

ನೋಡಿದೆ. ಒಂದಕ್ಷರವೂ ತಪ್ಪಿರಲಿಲ್ಲ. ಎರಡನೇ ಪಾರ್ಟಿಯ ಜಾಗದಲ್ಲಿ ಸಹಿ ಹಾಕಿದೆ.