ಮೀನು ಮಾಸ್ತರನ ಹಿಮ್ಮಡಿ

ಬೆಳಗ್ಗೆ ಎದ್ದವನೇ ಮಂಚದ ಕಾಲಿಗೆ ಕಿರುಬೆರಳು ಬಡಿದುಕೊಂಡ ಮೀನು ಮಾಸ್ತರ. ‘ಟಕ್’ ಎಂದಿತು. ಬೇರೆ ದಿನವಾಗಿದ್ದರೆ ‘ಅಮ್ಮಾ’ ಎಂದು ಕಿರುಚಿ ಸುಮ್ಮನಾಗುತ್ತಿದ್ದ. ಆದರೆ ಅವತ್ತು ಈಜುಕೊಳದಲ್ಲಿ ಮೂಳೆ ತಪಾಸಣೆ; ಹಿಮ್ಮಡಿಯನ್ನು ಯಂತ್ರಕ್ಕಿಟ್ಟು ಮೂಳೆ ಎಷ್ಟು ಗಟ್ಟಿ ಎಂದು ಡಾಕ್ಟರು ನೋಡುತ್ತಾರೆ. ಎಲ್ಲರೆದುರು ಮೊದಲು ಹಿಮ್ಮಡಿ ಒಡ್ಡಬೇಕಾದವನು ಅವನೇ.

ಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವ ಈ ಹರೆಯದ ಹುಡುಗ ನಡೆದದ್ದಕ್ಕಿಂತ ಈಜಿದ್ದೇ ಹೆಚ್ಚು. ಕೊಳದ ಯಜಮಾನರು ಅವನನ್ನು ತೋರಿಸಿಯೇ ಮಕ್ಕಳನ್ನು ಸೇರಿಸಿಕೊಳ್ಳುತ್ತಿದ್ದರು. “ನಮ್ಮ ಮಾಸ್ತರನ್ನ ನೋಡಿ, ಮೂಳೆ ಅಂದ್ರೆ ಕಬ್ಬಿಣ! ಬೇಕಾದ್ರೆ ತಪಾಸಣೆ ದಿನ ಡಾಕ್ಟ್ರೇ ಹೇಳ್ತಾರೆ.” ಆಮೇಲೆ ಮಾಸ್ತರನ ಕಿವಿಯಲ್ಲಿ, “ಏನಾದ್ರೂ ಹೆಚ್ಚುಕಮ್ಮಿ ಆಯ್ತೋ, ಬೇರೆ ಕೊಳ ಹುಡುಕ್ಕೋ.”

ಹೋದ ವರ್ಷ ಬಚ್ಚಲಲ್ಲಿ ಜಾರಿ ಮುರಿದದ್ದು ಮಣಿಕಟ್ಟು, ಈಗ ಮಂಚಕ್ಕೆ ತಾಗಿ ಬೆರಳು. ತನ್ನದು ಕಬ್ಬಿಣವಲ್ಲ, ಹಪ್ಪಳ ಎಂದು ಮಾಸ್ತರನಿಗೆ ಖಾತ್ರಿಯಾಯಿತು. ಕುಂಟುತ್ತಾ ತಮ್ಮನ ಕೋಣೆಗೆ ಹೋದ. ತಮ್ಮ ಬಾಸ್ಕೆಟ್‌ಬಾಲ್ ಆಟಗಾರ. ದಿನವಿಡೀ ಜಿಗಿಯುವುದು ನೋಡಿ ಮನೆಯವರು ಇಟ್ಟ ಹೆಸರು ಸ್ಪ್ರಿಂಗು. ಆದರೆ ನೀರೆಂದರೆ ಬೆಕ್ಕಿನ ಹಾಗೆ ದೂರ.

“ಈಜೋ ಟೋಪಿ, ಕನ್ನಡಕ ಹಾಕ್ಕೊಂಡ್ರೆ ನೀನೂ ನಾನೂ ಒಂದೇ ಥರ ಕಾಣ್ತೀವಿ. ಕಾಲು ಕೊಟ್ಟು ಬಂದ್ಬಿಡೋ, ನಿನ್ನ ದಮ್ಮಯ್ಯ.”

“ನೀರಿಗಿಳಿಸಲ್ಲ ತಾನೆ?”

“ನಿನ್ನಾಣೆಗೂ ಇಲ್ಲ.”

ತಪಾಸಣೆಯ ಹೊತ್ತಿಗೆ ಮಾಸ್ತರ ಕೊಳದ ಪಂಪಿನ ಕೋಣೆಯಲ್ಲಿ ಅಡಗಿ, ಬಾಗಿಲ ಸಂದಿಯಿಂದ ಉಸಿರು ಬಿಗಿಹಿಡಿದು ನೋಡುತ್ತಿದ್ದ. ಅಣ್ಣನ ಟೋಪಿ, ಕನ್ನಡಕ ತೊಟ್ಟ ಸ್ಪ್ರಿಂಗು ಯಂತ್ರದೊಳಗೆ ಹಿಮ್ಮಡಿ ಇಟ್ಟ. ಡಾಕ್ಟರು ಹುಬ್ಬೇರಿಸಿದರು. “ಭೇಷ್! ಇಂಥ ಮೂಳೆ ಅಪರೂಪ ಕಣ್ರೀ.”

ಚಪ್ಪಾಳೆಯೋ ಚಪ್ಪಾಳೆ. ಯಜಮಾನರು ಉಬ್ಬಿ ಬಲೂನಾದರು. “ಮಾಸ್ತರೇ, ಇದೇ ಖುಷೀಲಿ ಒಂದು ಡೈವ್ ಹೊಡೀರಿ!”

ಸ್ಪ್ರಿಂಗು ತಲೆಯಾಡಿಸಿದ, ಕೈಯಾಡಿಸಿದ, ಹಿಂದೆ ಹಿಂದೆ ಸರಿದ. ಸರಿದದ್ದು ಆಳದ ಕಡೆಗೇ. ಮಕ್ಕಳು “ಡೈವ್! ಡೈವ್!” ಎಂದು ಕೂಗಿದವು. ಎಲ್ಲರ ವಿಷಯಕ್ಕೂ ತಲೆಹಾಕುವ ಪಕ್ಕದ ಮನೆ ಅತ್ತೆ ಮುಂದೆ ಬಂದರು. “ನಾಚ್ಕೆ ಯಾಕಪ್ಪಾ ನಿಂಗೆ?” ಎಂದು ಪ್ರೀತಿಯಿಂದ ಒಂದು ತಳ್ಳು ಕೊಟ್ಟರು.

ದುಡುಂ!

ಗುಳ್ಳೆಗಳು ಮೇಲೆ ಬಂದವು. ‘ಮಾಸ್ತರು’ ಬರಲಿಲ್ಲ. “ಎಷ್ಟೊತ್ತು ಉಸಿರು ಹಿಡೀತಾರೆ ನೋಡಿ!” ಎಂದು ಯಜಮಾನರು ಮೆಚ್ಚಿಕೊಳ್ಳುತ್ತಿದ್ದರು.

ಬಾಗಿಲು ದಡಾರನೆ ತೆರೆಯಿತು. ಮೀನು ಮಾಸ್ತರ ಬೆರಳನ್ನೂ ಕೆಲಸವನ್ನೂ ಮರೆತು ಓಡಿ ಬಂದು ನೀರಿಗೆ ಹಾರಿದ. ತಮ್ಮನ ಕೊರಳಪಟ್ಟಿ ಹಿಡಿದು ದಡಕ್ಕೆಳೆದ. ಸ್ಪ್ರಿಂಗು ಕೆಮ್ಮಿ ಕೆಮ್ಮಿ ಅರ್ಧ ಕೊಳವನ್ನು ಹೊರಗೆ ಹಾಕಿದ. ದಡದ ಮೇಲೆ ಈಗ ಇಬ್ಬರು ಮಾಸ್ತರರು. ಒಬ್ಬನ ಕಿರುಬೆರಳು ಬದನೆಕಾಯಿಯಂತೆ ಊದಿತ್ತು.

ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. ಮಾಸ್ತರ ಎಲ್ಲ ಬಾಯಿಬಿಟ್ಟ. ಡಾಕ್ಟರು ಅವನ ಇನ್ನೊಂದು ಕಾಲಿನ ಹಿಮ್ಮಡಿಯನ್ನು ಯಂತ್ರಕ್ಕಿಟ್ಟು ನೋಡಿದರು.

“ಕಮ್ಮಿ ಇದೆ.”

ಮಾಸ್ತರ ತಲೆ ತಗ್ಗಿಸಿದ. ಡಾಕ್ಟರು ಮಾತ್ರ ನಗತೊಡಗಿದರು. “ಅಯ್ಯೋ ಹುಡುಗಾ, ನಾನು ಹುಡುಕ್ಕೊಂಡು ಬಂದಿದ್ದೇ ಇಂಥ ಹಿಮ್ಮಡೀನ! ಈಜು ಎದೆಗೆ, ಉಸಿರಿಗೆ ಬಹಳ ಒಳ್ಳೇದು. ಆದ್ರೆ ಮೈಭಾರ ಎಲ್ಲ ನೀರೇ ಹೊರುತ್ತೆ, ಮೂಳೆಗೆ ಕೆಲಸ ಎಲ್ಲಿ? ಹರೆಯದಲ್ಲೇ ಓಡ್ಬೇಕು, ಜಿಗೀಬೇಕು. ಆಗ್ಲೇ ಮೂಳೆ ಗಟ್ಟಿಯಾಗೋದು. ಇದನ್ನೇ ಹೇಳೋಣ ಅಂತ ಬಂದೆ. ನೀನು ನಿಜ ಹೇಳಿದ್ದಿದ್ರೆ ನಿನ್ನನ್ನೇ ಮುಂದೆ ಕೂರಿಸಿ ಸನ್ಮಾನ ಮಾಡ್ತಿದ್ದೆ.”

ಮಾಸ್ತರನಿಗೆ ಹೋದ ಜೀವ ಬಂದಂತಾಯಿತು. ಆಸೆಯಿಂದ ಯಜಮಾನರ ಮುಖ ನೋಡಿದ. ಅವರು ಗಡ್ಡ ಕೆರೆದುಕೊಳ್ಳುತ್ತಿದ್ದರು.

“ಡಾಕ್ಟ್ರು ಹೇಳಿದ್ಮೇಲೆ ಮುಗೀತು. ನಾಳೆಯಿಂದ ಇಲ್ಲಿ ಜಿಗಿತದ ಕ್ಲಾಸು ಶುರು. ಈಜೋಕೆ ಬರೋರೆಲ್ಲ ಮೊದಲು ಜಿಗೀಬೇಕು.” ಪಾಠ ಹೇಳುವಾಗ ಊದಲೆಂದು ಮಾಸ್ತರ ಕೊರಳಲ್ಲಿ ತೂಗಿಕೊಂಡಿದ್ದ ಸೀಟಿಯನ್ನು ಬಿಚ್ಚಿ ಸ್ಪ್ರಿಂಗುವಿನ ಕೊರಳಿಗೆ ಹಾಕಿದರು. “ಇವರು ದೊಡ್ಡ ಮಾಸ್ತರು. ನೀನು ಸುಳ್ಳು ಹೇಳಿದ್ದಕ್ಕೆ ಇವರ ಕೈಕೆಳಗೆ ಇರು.”

“ಸಾರ್, ಅವನು ನನ್ನ ತಮ್ಮ!”

ಸ್ಪ್ರಿಂಗು ಕೊನೆಯ ಗುಟುಕು ನೀರನ್ನು ಉಗಿದು, ಸೀಟಿ ಒರೆಸಿಕೊಂಡ.

“ಮನೇಲಿ ಅಣ್ಣ. ಇಲ್ಲಿ ‘ಸಾರ್’ ಅನ್ನು.”