ಐಪೀಸಿಗೆ ಅಂಟಿದ ಕಪ್ಪು

ಅನುಮಾನ ನನ್ನ ಹುಟ್ಟುಗುಣ. ಉಡುಪಿಯಿಂದ ದೆಹಲಿಗೆ ಬಂದ ಇಪ್ಪತ್ತೆರಡು ವರ್ಷಗಳಲ್ಲಿ ಅದು ಚೆನ್ನಾಗಿ ಮೈತುಂಬಿಕೊಂಡಿದೆ. ತರಕಾರಿ ಭಯ್ಯಾ ಕೊತ್ತಂಬರಿ ಸೊಪ್ಪನ್ನು ಪುಕ್ಕಟೆ ಹಾಕಿದರೆ, ಟೊಮೆಟೊ ಕೊಳೆತಿರಬೇಕೆಂದು ಅಲ್ಲೇ ಚೀಲ ಸುರುವಿ ನೋಡುವವನು ನಾನು. ಮೆಟ್ರೋದಲ್ಲಿ ಯಾರಾದರೂ ಎದ್ದು ಸೀಟು ಕೊಟ್ಟರೆ ಮೊದಲು ಸೀಟು ಒದ್ದೆಯಾಗಿದೆಯೇ ಎಂದು ಮುಟ್ಟುತ್ತೇನೆ. ಇಂಥವನ ಬಳಿ ಬೆಲೆಬಾಳುವ ವಸ್ತು ಇರಬಾರದು. ನನ್ನ ಬಳಿ ಹನ್ನೆರಡು ಇಂಚಿನ ಡಾಬ್ಸೋನಿಯನ್ ದೂರದರ್ಶಕ ಇದೆ.

ನೋಡಲು ಅದು ಮರದ ಪೀಠದ ಮೇಲೆ ಕೂರಿಸಿದ ದೊಡ್ಡ ಗೀಸರಿನಂತಿದೆ. ಮೋಟಾರಿಲ್ಲ, ಕೈಯಿಂದಲೇ ತಳ್ಳಿ ತಿರುಗಿಸಬೇಕು. ಶನಿಯನ್ನು ಹಿಡಿದೆವು ಅನ್ನುವಷ್ಟರಲ್ಲಿ ಭೂಮಿ ತಿರುಗಿ ಅದು ಐಪೀಸಿನಿಂದ, ಅಂದರೆ ನಾವು ಕಣ್ಣಿಡುವ ಪುಟ್ಟ ಗಾಜಿನಿಂದ, ಜಾರಿಹೋಗುತ್ತದೆ. ಮತ್ತೆ ಹಿಡಿಯಲು ಕೂದಲೆಳೆಯಷ್ಟು ನವಿರಾಗಿ ತಳ್ಳಬೇಕು. ನಮ್ಮ ಜನಕಪುರಿಯ ಫ್ಲ್ಯಾಟಿನ ತಾರಸಿಯಲ್ಲಿ, ಮೆಟ್ಟಿಲ ಕೋಣೆಯ ಪಕ್ಕದ ಮೂಲೆ ಅದರದ್ದು. ತಾರಸಿಯ ಬೀಗದ ಕೈ ನಮ್ಮ ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಯಲ್ಲಿ. ನಾನು ಗುರುಗ್ರಾಮದ ಕಚೇರಿಯಿಂದ ಬರುವಾಗ ಒಂಬತ್ತಾಗುವುದರಿಂದ ನಮ್ಮಿಬ್ಬರ ಭೇಟಿ ಭಾನುವಾರ ಮಾತ್ರ. ಹೆಂಡತಿ ವಿನಯಾ ಹತ್ತಿರ ಬಂದರೆ, ‘ಮುಟ್ಟಬೇಡ, ಲೆನ್ಸು’ ಎನ್ನುವುದು ಮೊದಲಿನಿಂದಲೂ ನನ್ನ ಅಭ್ಯಾಸ.

ಡಿಸೆಂಬರಿನಲ್ಲಿ ಪೀಠ ಇದ್ದಕ್ಕಿದ್ದಂತೆ ಕಚ್ಚಿಕೊಂಡಿತು. ತಳ್ಳಿದರೆ ಅಲುಗದು, ಇನ್ನೂ ತಳ್ಳಿದರೆ ಒಂದೇ ನೆಗೆತಕ್ಕೆ ಶನಿಯನ್ನು ದಾಟಿ ಹೋಗುವುದು. ಯಾರೋ ಕೈಯಾಡಿಸಿದ್ದಾರೆ ಎಂದು ತೀರ್ಮಾನಿಸಿದೆ. ಮೂರು ವಾರ ಅದರೊಂದಿಗೆ ಕುಸ್ತಿ ಮಾಡಿದೆ. ನಾಲ್ಕನೆಯ ಭಾನುವಾರ ನೋಡಿದರೆ ಬೆಣ್ಣೆಯಂತೆ ತಿರುಗುತ್ತಿತ್ತು. ಅನುಮಾನ ಇಮ್ಮಡಿಯಾಯಿತು. ಕೆಟ್ಟದ್ದು ತಾನಾಗಿ ಕೆಟ್ಟಿರಬಹುದು, ರಿಪೇರಿ ಮಾತ್ರ ತಾನಾಗಿ ಆಗುವುದಿಲ್ಲವಲ್ಲ. ಐಪೀಸಿನಲ್ಲಿ ಫೋಕಸ್ ಕದಲಿತ್ತು, ರಬ್ಬರ್ ಅಂಚಿನಲ್ಲಿ ಕಪ್ಪು ಗುರುತೂ ಇತ್ತು.

ತಾರಸಿಯ ಕೆಳಗಿನ ಮನೆ ಕರ್ನಲ್ ಉತ್ತಯ್ಯನವರದು. ಕೊಡಗಿನವರು, ನಿವೃತ್ತರು, ದಿನವೂ ಬೂಟು ಪಾಲಿಶ್ ಮಾಡುವವರು. ಹಿಂದೊಮ್ಮೆ ನನ್ನ ದೂರದರ್ಶಕದ ನೆಗೆತ ಕಂಡು, ಇಂಥ ಬಂದೂಕನ್ನು ಸೈನ್ಯ ಕಣ್ಣೆತ್ತಿಯೂ ನೋಡುವುದಿಲ್ಲ ಎಂದಿದ್ದರು. ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? ಐಪೀಸನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಅವರ ಮನೆಗಿಳಿದೆ. ಕರ್ನಲ್ ಸಿಟ್ಟಾಗಲಿಲ್ಲ. ತಮ್ಮ ಪಾಲಿಶ್ ಡಬ್ಬಿ ತೆರೆದು ತೋರಿಸಿದರು. ಕಂದು ಬಣ್ಣ.

“ಇದು ಕಾಡಿಗೆ ಮಾರಾಯರೇ. ನಿಮ್ಮ ಮನೆಯಲ್ಲಿ ಯಾರು ಹಚ್ಚುತ್ತಾರೆ?” ಎಂದರು.

ನಮ್ಮ ಮನೆಯಲ್ಲಿ ಯಾರೂ ಹಚ್ಚುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿ ಬಂದೆ. ಕಂದು ಡಬ್ಬಿಯ ಹಿಂದೆ ಕಪ್ಪು ಡಬ್ಬಿ ಇರಬಹುದೆಂದು ಮೆಟ್ಟಿಲಿಳಿಯುವಾಗ ಹೊಳೆಯಿತು.

ಅಷ್ಟರಲ್ಲಿ ದೊಡ್ಡ ಗಂಡಾಂತರ ಬಂತು. ಸೊಸೈಟಿಯ ಕಾರ್ಯದರ್ಶಿ ನನ್ನ ಮೂಲೆಗೆ ಹೊಸ ನೀರಿನ ಟ್ಯಾಂಕು ತರುವುದಾಗಿ ಸಾರಿದರು. ಬೇಡಿಕೊಂಡೆ. ಭಾನುವಾರ ಸಂಜೆ ಎಲ್ಲರಿಗೂ ಶನಿಯ ಬಳೆ ತೋರಿಸಿ, ಜನ ಮೆಚ್ಚಿದರೆ ಟ್ಯಾಂಕು ಆಚೆ ಮೂಲೆಗೆ, ಇಲ್ಲವಾದರೆ ದೂರದರ್ಶಕ ಮನೆಯೊಳಗೆ ಎಂದರು. ನಮ್ಮ ಮನೆಯಲ್ಲಿ ಅದನ್ನಿಟ್ಟರೆ ನಾವು ಹೊರಗೆ ಮಲಗಬೇಕು. ಅದು ಹೋದರೆ ನನ್ನ ಭಾನುವಾರಗಳೂ ಹೋದಂತೆ.

ಭಾನುವಾರ ಕತ್ತಲಾಗುತ್ತಿದ್ದಂತೆ ಶಾಲು ಹೊದ್ದ ಇಪ್ಪತ್ತು ಜನ ಸೇರಿದರು. ಶನಿ ತಾನಾಗಿ ಬಂದು ಹಿಡಿಯುವುದೇ ಸಾಲದೇ, ನಾವೇ ಹೋಗಿ ನೋಡಬೇಕೇ ಎಂದು ಒಬ್ಬಾಕೆ ಹಿಂದೆ ಸರಿದರು. ಕುಸ್ತಿಗೆ ಒಗ್ಗಿದ್ದ ನನ್ನ ಕೈ ಹಳೆಯ ಬಲದಲ್ಲೇ ತಳ್ಳಿತು. ಕೊಳವೆ ಸುಯ್ಯನೆ ತಿರುಗಿತು. ಕಾರ್ಯದರ್ಶಿ ಕಣ್ಣಿಟ್ಟು ನೋಡಿದರೆ ಪಕ್ಕದ ಬ್ಲಾಕಿನ ನೀರಿನ ಟ್ಯಾಂಕು, ತಲೆಕೆಳಗಾಗಿ. ಅವರಿಗೆ ಅದು ಹಿಡಿಸಿತು ಕೂಡ. ಮತ್ತೆ ತಳ್ಳಿದೆ, ಮತ್ತೆ ದಾಟಿತು. ಜನ ಮೆಟ್ಟಿಲ ಕಡೆ ನೋಡತೊಡಗಿದರು.

“ಸ್ವಲ್ಪ ಸರೀರಿ,” ಎಂದಳು ವಿನಯಾ.

ಹೆಚ್ಚು ಆಕಾಶ ಕಾಣುವ ದೊಡ್ಡ ಐಪೀಸು ಹಾಕಿ ಎರಡು ಬೆರಳಲ್ಲಿ ಕೊಳವೆಯನ್ನು ಸರಿಸಿದಳು, ಶನಿಯನ್ನು ನಡುವಿಗೆ ತಂದಳು, ಸಣ್ಣ ಐಪೀಸಿಗೆ ಬದಲಿಸಿದಳು. ಕಾರ್ಯದರ್ಶಿ ಬಗ್ಗಿದವರು ಬಹಳ ಹೊತ್ತು ಏಳಲೇ ಇಲ್ಲ. ಬಳೆ ಈ ವರ್ಷ ದಾರದಷ್ಟು ತೆಳ್ಳಗಿದ್ದರೂ ಕಾಣುತ್ತಿತ್ತು. ಟ್ಯಾಂಕು ಆಚೆ ಮೂಲೆಗೆ ಎಂದು ಅವರು ಅಲ್ಲೇ ಹೇಳಿದರು, ನನಗಲ್ಲ, ಅವಳಿಗೆ.

ಮನೆಗಿಳಿದ ಮೇಲೆ ವಿಚಾರಣೆ ನಡೆಸಿದೆ. ಅವಳು ಸಂಜೆ ಸಂಜೆ ನೋಡುತ್ತಿದ್ದಳಂತೆ, ಒಂದು ವರ್ಷದಿಂದ. ಪೀಠ ಕಚ್ಚಿಕೊಂಡದ್ದು ಏಕೆ ಎಂದರೆ, ಕೀಲೆಂದು ಕಂಡದ್ದಕ್ಕೆಲ್ಲ ತೆಂಗಿನೆಣ್ಣೆ ಬಿಡುವ ಉಡುಪಿಯ ಗಂಡಸೊಬ್ಬ ಅಕ್ಟೋಬರಿನಲ್ಲಿ ಅದಕ್ಕೂ ಬಿಟ್ಟಿದ್ದ. ದೆಹಲಿಯ ಚಳಿಗೆ ಅದು ಗಟ್ಟಿಯಾಗಿತ್ತು. ದಿನಾ ಬೆಳಿಗ್ಗೆ ತಲೆಗೆ ಹಚ್ಚಲು ಬಾಟಲಿಯನ್ನು ಬಿಸಿಲಿಗಿಡುವ ಆ ಗಂಡಸಿಗೆ ಇದು ಹೊಳೆದಿರಲಿಲ್ಲ. ಅವಳು ಎಣ್ಣೆ ಒರೆಸಿ ಮೇಣದಬತ್ತಿ ಉಜ್ಜಿದ್ದಳು.

ಆಗ ಅವಳ ಕಣ್ಣುಗಳನ್ನು ನೋಡಿದೆ.

“ಕಾಡಿಗೆ ಯಾವಾಗಿನಿಂದ ಹಚ್ಚುತ್ತಿದ್ದೀ?” ಎಂದೆ.

“ಮದುವೆ ದಿನದಿಂದ,” ಎಂದಳು.

ಮರುದಿನ ಮೊದಲ ಸಲ ಕಚೇರಿಯಿಂದ ಬೇಗ ಹೊರಟು ಏಳಕ್ಕೇ ತಾರಸಿ ಹತ್ತಿದೆ. ವಿನಯಾ ಐಪೀಸಿಗೆ ಕಣ್ಣಿಟ್ಟಿದ್ದಳು. ನಾನು ಪಕ್ಕಕ್ಕೆ ಹೋಗಿ ಕೈಚಾಚಿದೆ. ಅವಳು ತಲೆಯೆತ್ತದೆ, “ಮುಟ್ಟಬೇಡಿ, ಲೆನ್ಸು,” ಎಂದಳು.